ಹುತ್ತದ ಅಣಬೆಗೆ ಯಾವ ಗೋತ್ರ?

ಆರಿದ್ರಾ ಮಳೆ ಹಿಡಿಯಿತೆಂದರೆ ಈ ಅಂಕಣದ ಪತ್ರಗಳಲ್ಲಿ ಅಡಿಕೆಯ ಕೊಳೆರೋಗ ಹಿಂದೆ ಸರಿದು ಅಣಬೆ ಮುಂದೆ ಬರುತ್ತದೆ. ಈ ಸಲ ಶಿವಮೊಗ್ಗ ನಗರದ ಹೊಸಮನೆ, ಭದ್ರಾವತಿಯ ಹೊಸಮನೆ, ಎರಡೂ ಕಡೆಯವರು ಬರೆದಿದ್ದಾರೆ. ಕೇಳಿರುವುದು ಹೆಚ್ಚುಕಡಿಮೆ ಒಂದೇ ಅಣಬೆಯ ವಿಷಯ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಇಟ್ಟು, ಈ ತಿಂಗಳ ಪುಟವನ್ನು ಹುತ್ತದ ಅಣಬೆಗೇ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಅಜ್ಜಿಮನೆ ತೀರ್ಥಹಳ್ಳಿ ಕಡೆ. ಅಜ್ಜಿಗೆ ಹುತ್ತದ ಅಣಬೆ ಅಂದರೆ ಹುತ್ತದ ಅಣಬೆ, ಅಲ್ಲಿಗೆ ಮುಗಿಯಿತು. ಆದರೆ ನಾನು ನೋಡಿದ ಒಂದು ಹಳೆಯ ಪುಸ್ತಕದಲ್ಲಿ ಅದನ್ನು ಕೊಲಿಬಿಯಾ ಎಂದಿದ್ದಾರೆ, ಇನ್ನೊಂದರಲ್ಲಿ ವಾಲ್ವೇರಿಯಾ, ಹೊಸ ಪುಸ್ತಕದಲ್ಲಿ ಟರ್ಮಿಟೊಮೈಸಿಸ್. ಇವು ಬೇರೆ ಬೇರೆಯೋ, ಒಂದೆಯೋ? ಒಂದೇ ಆದರೆ ಹೆಸರು ಇಷ್ಟು ಸಲ ಯಾಕೆ ಬದಲಾಯಿತು?
*— ಓದುಗಿ, ಹೊಸಮನೆ, ಶಿವಮೊಗ್ಗ*

ಉತ್ತರ: ಒಂದೇ. ಈಗ ಸಲ್ಲುವ ಹೆಸರು ಟರ್ಮಿಟೊಮೈಸಿಸ್. ಉಳಿದವು ಅದು ದಾಟಿ ಬಂದ ಮನೆಗಳು. ಎರಡನೆಯ ಪ್ರಶ್ನೆ ದೊಡ್ಡದು, ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಸ್ವೀಡನ್ನಿನ ಎಲಿಯಾಸ್ ಫ್ರೀಸ್ 1821ರಲ್ಲಿ ಅಣಬೆಗಳನ್ನು ವಿಂಗಡಿಸಿದಾಗ, ಕೊಡೆಯ ಅಡಿಯಲ್ಲಿ ಕಿವಿರಿನಂಥ ಪದರಗಳಿರುವ ಬಹುಪಾಲು ಅಣಬೆಗಳನ್ನು ಅಗ್ಯಾರಿಕಸ್ ಎಂಬ ಒಂದೇ ಕುಲದಲ್ಲಿ ಇಟ್ಟ. ಒಳಗೆ ಮಾತ್ರ ಬೀಜಕಣದ ಬಣ್ಣ ನೋಡಿ ಗುಂಪು ಮಾಡಿದ: ಬಿಳಿ, ನಸುಗೆಂಪು, ಕಂದು, ಕಪ್ಪು ಹೀಗೆ. ಶ್ರೀಲಂಕಾದ ಪೆರಾದೆನಿಯ ಸಸ್ಯೋದ್ಯಾನದಲ್ಲಿದ್ದ ಜಾರ್ಜ್ ಗಾರ್ಡ್ನರ್ ಸಂಗ್ರಹಿಸಿದ ಅಣಬೆಗಳು ಇಂಗ್ಲೆಂಡಿನ ಪಾದ್ರಿ ಹಾಗೂ ಶಿಲೀಂಧ್ರತಜ್ಞ ಮೈಲ್ಸ್ ಜೋಸೆಫ್ ಬರ್ಕ್ಲಿಯ ಕೈಸೇರಿದವು. 1847ರಲ್ಲಿ ಆತ ನಮ್ಮ ಹುತ್ತದ ಅಣಬೆಗೆ ಇಟ್ಟ ಹೆಸರು ಅಗ್ಯಾರಿಕಸ್ ಯೂರೈಜಸ್. ಒಳ್ಳೆಯ ಬೇರಿರುವ ಅಣಬೆ ಅಂತ. ಬೇರು ಕಂಡಿತ್ತು, ಅದು ನೆಲದಡಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದು ಒಣಗಿದ ಮಾದರಿಯಲ್ಲಿ ಕಾಣುವಂಥದ್ದಲ್ಲ.

ಆಮೇಲೆ ಅಗ್ಯಾರಿಕಸ್ ಎಂಬ ದೊಡ್ಡ ಕುಲ ಒಡೆದು ಹತ್ತಾರು ಕುಲಗಳಾದವು. ಹುತ್ತದ ಅಣಬೆಯ ಪಾಡು ಶುರುವಾಗಿದ್ದೇ ಆಗ. ಕಾಲಿನಲ್ಲಿ ಬಳೆಯಿದೆ ಎಂದವರು ಅದನ್ನು ಆರ್ಮಿಲೇರಿಯಾಕ್ಕೆ ಸೇರಿಸಿದರು. ಗಟ್ಟಿ ಕಾಲು, ಬೇರು ನೋಡಿದವರು ಕೊಲಿಬಿಯಾ ಎಂದರು. ಬೀಜಕಣ ನಸುಗುಲಾಬಿ, ಕಿವಿರು ಕಾಲಿಗೆ ತಾಗಿಲ್ಲ ಎಂಬುದನ್ನು ಹಿಡಿದವರಿಗೆ ಅದು ವಾಲ್ವೇರಿಯಾ. ಯಾರೂ ಸುಳ್ಳು ಹೇಳಲಿಲ್ಲ. ಒಬ್ಬೊಬ್ಬರು ಒಂದೊಂದು ಲಕ್ಷಣಕ್ಕೆ ಹೆಚ್ಚು ಬೆಲೆ ಕೊಟ್ಟರು, ಅಷ್ಟೇ. ವರ್ಗೀಕರಣದ ಜಗಳಗಳೆಲ್ಲ ಹೆಚ್ಚಾಗಿ ಇಂಥವೇ.

ನೆಲ ಅಗೆದು ನೋಡಿದವರೂ ಇದ್ದರು. ತಂಜಾವೂರು ಸೀಮೆಯ ತರಂಗಂಬಾಡಿಯಲ್ಲಿದ್ದ ವೈದ್ಯ, ನಿಸರ್ಗಶಾಸ್ತ್ರಜ್ಞ ಯೊಹಾನ್ ಗೆರಾರ್ಡ್ ಕೋನಿಗ್ 1779ರಷ್ಟು ಹಿಂದೆಯೇ ಗೆದ್ದಲಿನ ಗೂಡಿನೊಳಗೆ ಬೂಷ್ಟು ಬೆಳೆದಿರುವುದನ್ನು ವರ್ಣಿಸಿದ್ದ. ಪೆರಾದೆನಿಯದಲ್ಲಿ ಟಾಮ್ ಪೆಚ್ 1906ರಲ್ಲಿ ಗೆದ್ದಲಿನ ಗೂಡುಗಳ ಶಿಲೀಂಧ್ರದ ಬಗ್ಗೆ ದೊಡ್ಡ ಪ್ರಬಂಧ ಬರೆದು, ಗೂಡಿನೊಳಗಿನ ಬೂಷ್ಟಿಗೂ ಮೇಲಿನ ಕೊಡೆಗೂ ಇರುವ ಸಂಬಂಧವನ್ನು ವಿವರಿಸಿದ. ಹಾಗಿದ್ದೂ ಅವನು ಬಳಸಿದ ಹೆಸರು ವಾಲ್ವೇರಿಯಾ ಯೂರೈಜಾ. ಕೆಲವು ವರ್ಷಗಳ ಬಳಿಕ ಕೊಲಿಬಿಯಾ ಎಂದೂ ಬರೆದ. ನಿಮ್ಮ ಎರಡು ಹಳೆಯ ಪುಸ್ತಕಗಳ ಹೆಸರುಗಳ ಹಿಂದೆ ಇವನ ನೆರಳು ಇರಬಹುದು.

ಪ್ಯಾರಿಸ್ಸಿನ ರೋಜರ್ ಹೈಮ್ ಮಾಡಿದ ಕೆಲಸವೇ ಬೇರೆ. ಉಷ್ಣವಲಯದ ಆಫ್ರಿಕದ ಗೆದ್ದಲು ಅಣಬೆಗಳನ್ನು ಕೂಡಿಸಿ ನೋಡಿದ ಹೈಮ್, ಇವುಗಳಿಗೆ ಹಳೆಯ ಯಾವ ಕುಲವೂ ಸರಿಹೊಂದದು, ಇವು ತಮ್ಮದೇ ಒಂದು ಗುಂಪು ಎಂದು 1942ರಲ್ಲಿ ಟರ್ಮಿಟೊಮೈಸಿಸ್ ಕುಲವನ್ನು ಸ್ಥಾಪಿಸಿದರು. ಬರ್ಕ್ಲಿಯ ಯೂರೈಜಸ್ ಅದರೊಳಗೆ ಬಂತು. ಆಗ ಪ್ಯಾರಿಸ್ ಜರ್ಮನ್ನರ ವಶದಲ್ಲಿತ್ತು. ಪ್ರತಿರೋಧ ಚಳವಳಿಯಲ್ಲಿದ್ದ ಹೈಮ್ ಮುಂದೆ ನಾಜಿಗಳ ಸೆರೆಶಿಬಿರಕ್ಕೂ ಹೋಗಿ ಬದುಕಿ ಬಂದರು. ಇತ್ತ ಅಮೆರಿಕದಲ್ಲಿದ್ದ ರಾಲ್ಫ್ ಸಿಂಗರ್ 1945ರಲ್ಲಿ ಇದೇ ಗುಂಪಿನ ಅಣಬೆಗಳಿಗೆ ರಾಜಾಪ, ಪೊಡಾಬ್ರೆಲ್ಲಾ ಎಂಬ ಎರಡು ಕುಲಗಳನ್ನು ಮಾಡಿದ. ಯೂರೈಜಸ್‌ಗೆ ಕೆಲಕಾಲ ಎರಡು ಮನೆ. ಆದರೆ ನಾಮಕರಣದ ನಿಯಮ ಹೇಳುವುದು ಮೊದಲು ಬಂದ ಹೆಸರಿಗೆ ಹಕ್ಕು ಎಂದು. 1942 ಮುಂಚೆ, 1945 ಆಮೇಲೆ. ರಾಜಾಪ ಬಿದ್ದುಹೋಯಿತು. ನನಗೆ ಆ ಹೆಸರು ಇಷ್ಟವೇ, ಆದರೆ ನಿಯಮ ನಿಯಮ.

ಕುಲ ಗೊತ್ತಾಯಿತು, ಗೋತ್ರ? ಅದಕ್ಕೆ ಇನ್ನೂ ಅರ್ಧ ಶತಮಾನ ಬೇಕಾಯಿತು. ಕಿವಿರಿನ ಒಳರಚನೆ ನೋಡಿ ಸಿಂಗರ್ ಇದನ್ನು ವಿಷದ ಅಣಬೆಗಳಿಗೆ ಹೆಸರಾದ ಅಮನೈಟಾದ ಕುಟುಂಬದಲ್ಲಿಟ್ಟ. ನಸುಗುಲಾಬಿ ಬೀಜಕಣ ನೋಡಿದವರು ಪ್ಲೂಟಿಯಸ್ ಬಳಗಕ್ಕೆ ಎಳೆದರು. 2000ದ ಆಸುಪಾಸಿನಲ್ಲಿ ಡಿಎನ್‌ಎ ಹೋಲಿಸಿದಾಗ ಎರಡೂ ಅಲ್ಲವೆಂದು ತಿಳಿಯಿತು. ಟರ್ಮಿಟೊಮೈಸಿಸ್ ಈಗ ಲಯೋಫಿಲೇಸಿಯೆ ಎಂಬ ಕುಟುಂಬದಲ್ಲಿದೆ. ಆ ಕುಟುಂಬದ ಬೀಜಕಣ ಸಾಮಾನ್ಯವಾಗಿ ಬಿಳಿ. ಇಂಥ ಕಡೆ ನಸುಗುಲಾಬಿ ಬೀಜಕಣದ ಕುಲವೊಂದು ಇರಬಹುದೆಂದು ಕಣ್ಣಿನಿಂದ ನೋಡಿದವರು ಊಹಿಸುವುದು ಸುಲಭವಿರಲಿಲ್ಲ. ಫ್ರೀಸ್ ಅಷ್ಟು ನೆಚ್ಚಿಕೊಂಡಿದ್ದ ಬಣ್ಣವೇ ಇಲ್ಲಿ ದಾರಿ ತಪ್ಪಿಸಿತ್ತು.

ಪರೀಕ್ಷೆಯಲ್ಲಿ ಟರ್ಮಿಟೊಮೈಸಿಸ್, ಲಯೋಫಿಲೇಸಿಯೆ ಎಂದು ಬರೆಯಿರಿ. ಅಜ್ಜಿಯ ಹೆಸರನ್ನೂ ಬಿಡಬೇಡಿ. ಬರ್ಕ್ಲಿ ಕಾಣದ ಸಂಗತಿ ಅದರಲ್ಲಿದೆ.

ಪ್ರಶ್ನೆ: ನಮ್ಮ ಮನೆಯ ಹಿಂದಿನ ಖಾಲಿ ಸೈಟಿನಲ್ಲಿ ಮಳೆ ಬಂದ ಮರುದಿನ ಅಕ್ಕಿ ಚೆಲ್ಲಿದ ಹಾಗೆ ಪುಟ್ಟ ಬಿಳಿ ಅಣಬೆಗಳು ನೂರಾರು ಏಳುತ್ತವೆ. ನಾವು ಅಕ್ಕಿ ಅಣಬೆ ಅನ್ನುತ್ತೇವೆ. ಇವು ದೊಡ್ಡ ಹುತ್ತದ ಅಣಬೆಯ ಮರಿಗಳು, ಬಿಟ್ಟರೆ ದೊಡ್ಡದಾಗುತ್ತವೆ ಎಂದು ಪಕ್ಕದ ಮನೆಯವರು. ನಿಜವೇ?
*— ಗೃಹಿಣಿ, ಹೊಸಮನೆ, ಭದ್ರಾವತಿ*

ಉತ್ತರ: ಬಿಟ್ಟರೆ ಕೊಳೆಯುತ್ತವೆ, ದೊಡ್ಡದಾಗುವುದಿಲ್ಲ. ನಿಮ್ಮ ವರ್ಣನೆ ಟರ್ಮಿಟೊಮೈಸಿಸ್ ಮೈಕ್ರೊಕಾರ್ಪಸ್‌ಗೆ ಹೊಂದುತ್ತದೆ. ಪೂರ್ತಿ ಬೆಳೆದರೂ ಅದರ ಕೊಡೆ ಒಂದೆರಡು ಸೆಂಟಿಮೀಟರ್. ಇದನ್ನೂ ಶ್ರೀಲಂಕಾದ ಮಾದರಿಗಳಿಂದಲೇ ಬರ್ಕ್ಲಿ ಮತ್ತು ಬ್ರೂಮ್ 1871ರಲ್ಲಿ ವರ್ಣಿಸಿದರು.

ಒಂದನ್ನು ಮೆಲ್ಲಗೆ ಕಿತ್ತು ಬುಡ ನೋಡಿ. ದೊಡ್ಡ ಹುತ್ತದ ಅಣಬೆಗೆ ಇರುವಂಥ ಉದ್ದ ಬೇರು ಇದಕ್ಕಿಲ್ಲ. ಕಾರಣ ಸ್ವಾರಸ್ಯದ್ದು. ದೊಡ್ಡ ಜಾತಿಗಳಲ್ಲಿ ಅಣಬೆ ಹುಟ್ಟುವುದು ನೆಲದಡಿಯ ಗೂಡಿನಲ್ಲಿ. ಅಲ್ಲಿಂದ ಮಣ್ಣು ಸೀಳಿಕೊಂಡು ಮೇಲೆ ಬರಬೇಕು. ಅದಕ್ಕೇ ಉದ್ದ ಬೇರು, ಅದಕ್ಕೇ ಕೊಡೆಯ ನೆತ್ತಿಯಲ್ಲಿ ಗಟ್ಟಿಯಾದ ಮೊನೆ. ಅಕ್ಕಿ ಅಣಬೆಯಲ್ಲಿ ಆ ಕಷ್ಟವನ್ನು ಗೆದ್ದಲುಗಳೇ ತೆಗೆದುಕೊಳ್ಳುತ್ತವೆ: ಗೂಡಿನೊಳಗಿನ ಅಣಬೆಗಡ್ಡೆಯ ಚೂರುಗಳನ್ನು ಹೊತ್ತು ತಂದು ನೆಲದ ಮೇಲೆ ಹರಡುತ್ತವೆ, ಆ ಚೂರುಗಳ ಮೇಲೆ ಅಣಬೆ ಏಳುತ್ತದೆ. ಬೇರು ಯಾಕೆ ಬೇಕು?

ಬೇರಿಲ್ಲ, ಗಾತ್ರ ಇಷ್ಟು ಸಣ್ಣದು ಎಂದೇ ಸಿಂಗರ್ ಇದಕ್ಕೆ ಮೊದಲ ಉತ್ತರದಲ್ಲಿ ಹೇಳಿದ ಪೊಡಾಬ್ರೆಲ್ಲಾ ಎಂಬ ಬೇರೆ ಕುಲ ಕೊಟ್ಟಿದ್ದು. ಡಿಎನ್‌ಎ ಅದನ್ನು ಒಪ್ಪಲಿಲ್ಲ. ಅಕ್ಕಿ ಅಣಬೆ ಟರ್ಮಿಟೊಮೈಸಿಸ್‌ನ ನಡುಮನೆಯ ಸದಸ್ಯನೇ. ಚೀನಾದಲ್ಲೂ ಹೀಗೇ ಆಯಿತು. ಅಲ್ಲಿ 1981ರಲ್ಲಿ ಸೈನೊಟರ್ಮಿಟೊಮೈಸಿಸ್ ಎಂಬ ಹೊಸ ಕುಲ ಮಾಡಿದ್ದರು, ಆಮೇಲಿನವರು ಪರಿಶೀಲಿಸಿ ಅದನ್ನೂ ಟರ್ಮಿಟೊಮೈಸಿಸ್‌ನೊಳಗೆ ತಂದರು. ಈ ಕುಲದ ಇನ್ನೊಂದು ತುದಿಯಲ್ಲಿರುವುದು ಜಾಂಬಿಯಾದ ಟರ್ಮಿಟೊಮೈಸಿಸ್ ಟೈಟಾನಿಕಸ್. 1980ರಲ್ಲಿ ಹೆಸರು ಪಡೆದ ಅದರ ಕೊಡೆ ಒಂದು ಮೀಟರ್ ಅಗಲಕ್ಕೂ ಬೆಳೆಯುತ್ತದೆ. ಒಂದೇ ಕುಲದಲ್ಲಿ ಬೆರಳ ತುದಿಯಷ್ಟರದೂ ಇದೆ, ಮಳೆಗೆ ಮಗುವನ್ನು ನಿಲ್ಲಿಸಬಹುದಾದಷ್ಟರದೂ ಇದೆ. ಗಾತ್ರ ನೋಡಿ ಮರಿ, ತಾಯಿ ಎನ್ನುವುದು ಬೇಡ.

ನಿಮ್ಮೂರಿನ ಸುತ್ತ ದೊಡ್ಡ ಜಾತಿಗಳಲ್ಲಿ ಮುಖ್ಯವಾಗಿ ಮೂರನ್ನು ಗಮನಿಸಿ. ಕಂದು ಕೊಡೆಯ ಯೂರೈಜಸ್. ಬಿಳಿ ಕೊಡೆ, ನೆತ್ತಿಯಲ್ಲಿ ಮಾತ್ರ ಕಂದು, ಕಾಲಿನಲ್ಲಿ ದಪ್ಪ ಬಳೆ ಇದ್ದರೆ ಹೈಮಿಯೈ. ಕೊಡೆಯ ತುದಿ ಮುಳ್ಳಿನ ಹಾಗೆ ಚೂಪಾಗಿದ್ದರೆ ಕ್ಲಿಪಿಯೇಟಸ್. ಹೈಮಿಯೈ ದಕ್ಷಿಣ ಭಾರತದ್ದೇ. ಮದ್ರಾಸ್ ವಿಶ್ವವಿದ್ಯಾಲಯದ ಕೆ. ನಟರಾಜನ್ ಅದನ್ನು 1979ರಲ್ಲಿ ವರ್ಣಿಸಿ ರೋಜರ್ ಹೈಮ್ ಅವರ ಹೆಸರಿಟ್ಟರು. ಹೈಮ್ ತೀರಿಕೊಂಡದ್ದೂ ಅದೇ ವರ್ಷ.

ಪ್ರಶ್ನೆ: ಅಣಬೆ ಸಸ್ಯಾಹಾರವೇ? ನಮ್ಮ ಮನೆಯಲ್ಲಿ ಶ್ರಾವಣ ಬಂದರೆ ಒಲೆಗೆ ಹತ್ತಿಸುವುದಿಲ್ಲ.
*— ಓದುಗ, ಹೊಸಮನೆ, ಶಿವಮೊಗ್ಗ*

ಉತ್ತರ: ಸಸ್ಯವಲ್ಲ, ಪ್ರಾಣಿಯೂ ಅಲ್ಲ. 1969ರಲ್ಲಿ ರಾಬರ್ಟ್ ವಿಟ್ಟೇಕರ್ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಪ್ರತ್ಯೇಕ ಸಾಮ್ರಾಜ್ಯ ಕೊಟ್ಟ. ವಂಶಾವಳಿ ಹಿಡಿದು ಹೋದರೆ ಅಣಬೆ ಬದನೆಕಾಯಿಗಿಂತ ನಮಗೇ ಹತ್ತಿರ. ಮನುಸ್ಮೃತಿಯಂತೂ ಬೆಳ್ಳುಳ್ಳಿ, ಈರುಳ್ಳಿಯ ಸಾಲಿನಲ್ಲೇ ಕವಕವನ್ನೂ, ಅಂದರೆ ಅಣಬೆಯನ್ನೂ, ಕೂರಿಸಿ ದ್ವಿಜರಿಗೆ ಬೇಡವೆಂದಿದೆ. ಭಾರತದ ಶಿಲೀಂಧ್ರತಜ್ಞರ ಸಂಘ ತನ್ನ ಪತ್ರಿಕೆಗೆ ಇಟ್ಟಿರುವ ಹೆಸರೂ 'ಕವಕ'. ಶ್ರಾವಣದ ವಿಷಯ ನಿಮ್ಮ ಮನೆಯ ಹಿರಿಯರಿಗೆ ಬಿಟ್ಟದ್ದು.

ಪ್ರಶ್ನೆ: ನಮ್ಮ ಕ್ವಾರ್ಟರ್ಸಿನ ಹಿಂದೆ ದೊಡ್ಡ ಹುತ್ತವಿತ್ತು. ಪ್ರತಿವರ್ಷ ಅಣಬೆ ಬರುತ್ತಿತ್ತು. ಜೆಸಿಬಿಯಲ್ಲಿ ಒಡೆಸಿ ಮಣ್ಣನ್ನೆಲ್ಲ ಮನೆಯ ಕೈತೋಟಕ್ಕೆ ಹಾಕಿಸಿದೆ, ಅಲ್ಲಾದರೂ ಏಳಲಿ ಎಂದು. ಒಂದೂ ಬರಲಿಲ್ಲ. ಆ ಮಣ್ಣಲ್ಲಿ ಬೀಜ ಇರಲಿಲ್ಲವೇ? ಹುತ್ತವೇ ಇಲ್ಲದ ಬಯಲಿನಲ್ಲಿ ಬರುವ ಅಣಬೆಗೆ ಯಾವ ಬೀಜ?
*— ನಿವೃತ್ತ ಕಾರ್ಮಿಕ, ಕಾಗದನಗರ, ಭದ್ರಾವತಿ*

ಉತ್ತರ: ಮಣ್ಣು ಬಂತು, ಬೇಸಾಯಗಾರರು ಬರಲಿಲ್ಲ.

ಓಡಾಂಟೊಟರ್ಮಿಸ್ ಎಂಬ ಕುಲದ ಗೆದ್ದಲುಗಳು ನಮ್ಮಲ್ಲಿ ಬಹಳ. ಅವು ಒಣ ಎಲೆ, ಕಡ್ಡಿ, ಸಗಣಿಯನ್ನು ತಿಂದು, ಅರ್ಧ ಜೀರ್ಣವಾದದ್ದನ್ನು ಗೂಡಿನೊಳಗೆ ಸ್ಪಂಜಿನಂಥ ಗಡ್ಡೆಯಾಗಿ ಕಟ್ಟುತ್ತವೆ. ತಿನ್ನುವಾಗಲೇ ಅದರೊಂದಿಗೆ ಅಣಬೆಯ ಕಣಗಳೂ ಸೇರಿರುತ್ತವೆ. ಗಡ್ಡೆಯ ತುಂಬ ಬಿಳಿ ಎಳೆ ಹಬ್ಬುತ್ತದೆ, ಮೇಲ್ಮೈಯಲ್ಲಿ ಗಸಗಸೆಗಿಂತ ಸ್ವಲ್ಪ ದೊಡ್ಡ ಬಿಳಿ ಗುಂಡುಗಳು ಮೂಡುತ್ತವೆ. ಒಡೆದ ಹುತ್ತದಲ್ಲಿ ನೀವು ಕಂಡೇ ಇರುತ್ತೀರಿ. ಆ ಗುಂಡುಗಳೂ ಎಳೆ ಹಿಡಿದು ಹಣ್ಣಾದ ಹಳೆಯ ಗಡ್ಡೆಯೂ ಗೆದ್ದಲಿನ ಊಟ. ಮರದ ನಾರನ್ನು ಜೀರ್ಣಿಸುವ ಕಷ್ಟದ ಕೆಲಸ ಅಣಬೆಯದು, ಮನೆ, ತೇವ, ಕಳೆ ಕೀಳುವುದು ಗೆದ್ದಲಿನದು. ಈ ಕೊಡುಕೊಳ್ಳುವಿಕೆ ಆಫ್ರಿಕದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಒಂದೇ ಸಲ ಶುರುವಾಗಿ ಅಲ್ಲಿಂದ ಏಷ್ಯಾಕ್ಕೆ ಹಬ್ಬಿತು. ಅಮೆರಿಕ ಖಂಡಗಳಲ್ಲಿ ಅಣಬೆ ಬೆಳೆಯುವ ಗೆದ್ದಲು ಇಲ್ಲ. ಅಲ್ಲಿ ಆ ಕಸುಬು ಎಲೆ ಕತ್ತರಿಸುವ ಇರುವೆಗಳದು, ಅವುಗಳ ಅಣಬೆ ಬೇರೆ ಜಾತಿ.

ಗೆದ್ದಲಿಲ್ಲದೆ ಟರ್ಮಿಟೊಮೈಸಿಸ್ ಕಾಡಿನಲ್ಲಿ ಒಂಟಿಯಾಗಿ ಬದುಕಿದ್ದನ್ನು ಯಾರೂ ಕಂಡಿಲ್ಲ. ಗೆದ್ದಲು ಬಿಟ್ಟುಹೋದ ಗಡ್ಡೆಯನ್ನು ಕ್ಸೈಲೇರಿಯಾ ಎಂಬ ಇನ್ನೊಂದು ಬೂಷ್ಟು ಆವರಿಸಿಕೊಂಡು, ಕಪ್ಪು ಬೆರಳಿನ ಹಾಗೆ ಮೇಲೇಳುತ್ತದೆ. ನಿಮ್ಮ ಕೈತೋಟದ ಮಣ್ಣಲ್ಲಿ ಮುಂದಿನ ಮಳೆಗೆ ಅಂಥದ್ದು ಕಂಡರೆ ಆಶ್ಚರ್ಯಪಡಬೇಡಿ, ತಿನ್ನಲೂ ಬೇಡಿ.

ಹುತ್ತವಿಲ್ಲದ ಬಯಲಿಗೂ ಉತ್ತರ ಅದೇ. ಓಡಾಂಟೊಟರ್ಮಿಸ್‌ನ ಎಲ್ಲ ಜಾತಿಗಳೂ ಹುತ್ತ ಕಟ್ಟುವುದಿಲ್ಲ, ಕೆಲವು ಪೂರ್ತಿ ನೆಲದಡಿಯವು. ಮೇಲೆ ಏನೂ ಕಾಣದಿದ್ದರೂ ಅಣಬೆಯ ಬೇರು ಹಿಡಿದು ಹುಷಾರಾಗಿ ಅಗೆಯುತ್ತ ಹೋದರೆ, ಕೊನೆಗೆ ಆ ಗಡ್ಡೆಯೇ ಸಿಗುತ್ತದೆ. ಈ ಅಣಬೆಯನ್ನು ಗುರುತಿಸಲು ಇದಕ್ಕಿಂತ ಗಟ್ಟಿಯಾದ ಇನ್ನೊಂದು ಗುರುತು ನನಗೆ ತಿಳಿದಿಲ್ಲ. ಕಲಿಯಲು ಒಂದನ್ನು ಅಗೆದರೆ ಸಾಕು. ಪ್ರತಿಯೊಂದಕ್ಕೂ ಹಾರೆ ಹಾಕಿದರೆ ಗೂಡು ಹಾಳು.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ರೆಕ್ಕೆಯ ಗೆದ್ದಲು ಹಾರಿ ಹೊಸ ಗೂಡು ಹೂಡುವಾಗ, ಹೆಚ್ಚಿನ ಜಾತಿಗಳಲ್ಲಿ ಅಮ್ಮನ ಮನೆಯಿಂದ ಅಣಬೆಯ ಬೀಜ ತರುವುದಿಲ್ಲ. ಮೊದಲ ಕೆಲಸಗಾರ ಗೆದ್ದಲುಗಳು ಹೊರಗೆ ಬಂದಾಗ ಸುತ್ತ ಉದುರಿರುವ ಬೀಜಕಣಗಳನ್ನು ಆರಿಸಿಕೊಳ್ಳಬೇಕು. ಮೊಗ್ಗಿನಲ್ಲೇ ಎಲ್ಲವನ್ನೂ ಕಿತ್ತು ಕುಕ್ಕೆ ತುಂಬಿದರೆ ಬೀಜ ಎಲ್ಲಿಂದ ಬರಬೇಕು? ಒಂದು ಕಡೆ ಎದ್ದದ್ದರಲ್ಲಿ ಕಾಲುಭಾಗವನ್ನಾದರೂ ಅರಳಿ ಉದುರಲು ಬಿಡಿ. ನಾಗರಪಂಚಮಿಗೆ ಹಾಲೆರೆಯುವ ಹುತ್ತದಲ್ಲಿ ಅಣಬೆ ತಪ್ಪದೆ ಬರುತ್ತದೆಂದು ಅನೇಕರು ಬರೆಯುತ್ತಾರೆ. ಹಾಲಿನಿಂದಲ್ಲ, ಯಾರೂ ಅದಕ್ಕೆ ಗುದ್ದಲಿ ಹಾಕದಿರುವುದರಿಂದ.

ಪ್ರಶ್ನೆ: ಗುಡುಗಿದರೆ ಅಣಬೆ ಏಳುತ್ತದೆ ಅನ್ನುತ್ತಾರಲ್ಲ?
*— ಪ್ರೌಢಶಾಲೆ ವಿದ್ಯಾರ್ಥಿ, ಹೊಸಮನೆ, ಭದ್ರಾವತಿ*

ಉತ್ತರ: ಗುಡುಗಿನ ಜೊತೆ ಬರುವ ಮಳೆ ಎಬ್ಬಿಸುತ್ತದೆ. ಜಪಾನಿನ ಇವಾತೆ ವಿಶ್ವವಿದ್ಯಾಲಯದವರು ಶಿಟಾಕೆ ಅಣಬೆಯ ದಿಮ್ಮಿಗಳಿಗೆ ಕ್ಷಣಕಾಲ ಭಾರಿ ವೋಲ್ಟೇಜಿನ ವಿದ್ಯುತ್ ಹಾಯಿಸಿ ಇಳುವರಿ ಹೆಚ್ಚಿಸಿದ್ದಾರೆ. ಅದು ವಿದ್ಯುತ್ತಿನ ಫಲ, ಸದ್ದಿನದಲ್ಲ. ಮನೆಯಲ್ಲಿ ವೈರು ಹಿಡಿದು ಪ್ರಯೋಗ ಮಾಡಬೇಡ.

ಪ್ರಶ್ನೆ: ಬಡಾವಣೆಯ ಪಾರ್ಕಿನ ಹುಲ್ಲಿನಲ್ಲಿ ಬೆಳ್ಳಗೆ, ದೊಡ್ಡದಾಗಿ, ಬಳೆಯಿರುವ ಅಣಬೆ ಎದ್ದಿತ್ತು. ಹುತ್ತದ ಅಣಬೆಯ ಹಾಗೇ ಇತ್ತು. ಸಾರು ಮಾಡಿದೆವು. ಎರಡು ಗಂಟೆಯೊಳಗೆ ಮನೆಮಂದಿಗೆಲ್ಲ ವಾಂತಿ, ಭೇದಿ. ಈಗ ಎಲ್ಲರೂ ಆರಾಮ. ಬೆಳ್ಳಿ ಚಮಚ ಹಾಕಿ ನೋಡಿದ್ದೆ, ಕಪ್ಪಾಗಿರಲಿಲ್ಲ. ಏನದು?
*— ಓದುಗಿ, ಶಿವಮೊಗ್ಗ*

ಉತ್ತರ: ಬೆಳ್ಳಿ ಚಮಚವನ್ನು ಪಾಯಸಕ್ಕೆ ಇಟ್ಟುಕೊಳ್ಳಿ. ಬೆಳ್ಳಿ ಕಪ್ಪಾಗುವುದು, ಅಕ್ಕಿ ಬಣ್ಣ ಬಿಡುವುದು, ಬೆಳ್ಳುಳ್ಳಿ ಕಪ್ಪಾಗುವುದು, ಹುಳ ತಿಂದಿದ್ದರೆ ನಾವೂ ತಿನ್ನಬಹುದು ಎನ್ನುವುದು, ಇವು ಯಾವುವೂ ವಿಷವನ್ನು ತೋರಿಸಿಕೊಡುವುದಿಲ್ಲ. ಈ ಮಾತುಗಳನ್ನು ನಂಬಿ ಜನ ಸತ್ತಿದ್ದಾರೆ.

ನಿಮ್ಮ ವರ್ಣನೆಗೆ ಹೆಚ್ಚು ಹೊಂದುವುದು ಕ್ಲೋರೊಫಿಲ್ಲಮ್ ಮಾಲಿಬ್ಡೈಟಿಸ್. ಹುಲ್ಲುಹಾಸು, ಆಟದ ಮೈದಾನದಲ್ಲಿ ಮಳೆಗಾಲಕ್ಕೆ ಏಳುತ್ತದೆ, ಕೆಲವೊಮ್ಮೆ ದೊಡ್ಡ ವೃತ್ತಾಕಾರದಲ್ಲಿ. ಬಿಳಿ ಕೊಡೆಯ ಮೇಲೆ ಕಂದು ಚಕ್ಕೆ, ಕಾಲಿನಲ್ಲಿ ಬಳೆ. ಎಳೆಯದರಲ್ಲಿ ಕಿವಿರು ಬೆಳ್ಳಗಿರುತ್ತದೆ, ಅಲ್ಲೇ ಎಲ್ಲರೂ ಬೀಳುವುದು. ಬಲಿತ ಮೇಲೆ ಕಿವಿರು ಹಸಿರುಬೂದಿಗೆ ತಿರುಗುತ್ತದೆ. ಒಂದರಿಂದ ಮೂರು ಗಂಟೆಯೊಳಗೆ ವಾಂತಿ ಶುರು. ಸಾಮಾನ್ಯವಾಗಿ ಆರೋಗ್ಯವಂತರು ಚೇತರಿಸಿಕೊಳ್ಳುತ್ತಾರೆ, ಮಕ್ಕಳಿಗೆ ನೀರಿನಂಶ ಕಳೆದು ಅಪಾಯವಾಗುತ್ತದೆ.

ವರ್ಗೀಕರಣ ಅಡುಗೆಮನೆಗೆ ಉಪಯೋಗಕ್ಕೆ ಬರುವುದು ಇಲ್ಲಿ. ಕಾಲು ಕತ್ತರಿಸಿ ತೆಗೆದು ಕೊಡೆಯನ್ನು ಕಿವಿರು ಕೆಳಗಾಗಿ ಕಾಗದದ ಮೇಲಿಡಿ. ಕಾಗದದ ಅರ್ಧ ಬಿಳಿ, ಅರ್ಧ ಕಪ್ಪು ಇರಲಿ. ಮೇಲೊಂದು ಬಟ್ಟಲು ಬೋರಲು ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಮೆಲ್ಲಗೆ ಎತ್ತಿದರೆ ಕಾಗದದ ಮೇಲೆ ಕಿವಿರಿನ ಗೆರೆಗೆರೆಯೂ ಪುಡಿಯಲ್ಲಿ ಅಚ್ಚಾಗಿರುತ್ತದೆ: ನಡುವೆ ಕಾಲಿನ ಗುಂಡು ಖಾಲಿ ಜಾಗ, ಅಲ್ಲಿಂದ ಸುತ್ತಲೂ ಕೂದಲೆಳೆಯಂಥ ಗೆರೆಗಳು. ಅಚ್ಚು ನಸುಗುಲಾಬಿ ಬಂದರೆ ಹುತ್ತದ ಅಣಬೆಯೊಂದಿಗೆ ಹೊಂದುತ್ತದೆ. ಹಸಿರು ಬಂದರೆ ನೀವು ತಿಂದ ಅಣಬೆ. ಕಪ್ಪು ಕಾಗದದ ಮೇಲೆ ಬಿಳಿಯಾಗಿ ಕಂಡರೆ, ಕಾಲಿನಲ್ಲಿ ಬಳೆಯೂ ಬುಡದಲ್ಲಿ ಚೀಲವೂ ಇದ್ದರೆ, ಅಮನೈಟಾ ಎಂದು ಶಂಕಿಸಿ ಕೈ ತೊಳೆದುಕೊಳ್ಳಿ. ಪ್ರಪಂಚದಲ್ಲಿ ಅಣಬೆಯಿಂದಾಗುವ ಸಾವುಗಳಲ್ಲಿ ಬಹುಪಾಲು ಅಮನೈಟಾ ಕುಲದ ಲೆಕ್ಕಕ್ಕೇ.

ನಸುಗುಲಾಬಿ ಬಂತೆಂದು ಒಲೆ ಹಚ್ಚಬೇಡಿ. ಎಂಟೊಲೋಮಾ ಎಂಬ ಕುಲದ್ದೂ ನಸುಗುಲಾಬಿ ಅಚ್ಚು, ಅದರಲ್ಲಿ ವಿಷದವೂ ಇವೆ. ಆದರೆ ಅದರ ಕಿವಿರು ಸಾಮಾನ್ಯವಾಗಿ ಕಾಲಿಗೆ ಅಂಟಿರುತ್ತದೆ, ಗೆದ್ದಲಿನ ಗೂಡಿಗೆ ಇಳಿಯುವ ಬೇರು ಇಲ್ಲ. ಅಚ್ಚಿನ ಬಣ್ಣ, ಕಾಲಿಗೆ ತಾಗದ ಕಿವಿರು, ನೆತ್ತಿಯ ಗಟ್ಟಿ ಮೊನೆ, ಬುಡದಲ್ಲಿ ಚೀಲವಿಲ್ಲದಿರುವುದು, ಗೂಡಿನವರೆಗಿನ ಬೇರು, ಇಷ್ಟೂ ಸೇರಿದರೆ ಮಾತ್ರ ದೊಡ್ಡ ಜಾತಿಯ ಟರ್ಮಿಟೊಮೈಸಿಸ್. ನಾಲ್ಕು ಇದ್ದು ಒಂದು ಇಲ್ಲದಿದ್ದರೆ ಅಲ್ಲ.

ಮುಂದೆಂದಾದರೂ ಅಣಬೆ ತಿಂದು ಆರು ಗಂಟೆ ಕಳೆದ ಮೇಲೆ, ಅಂದರೆ ರಾತ್ರಿ ಉಂಡು ಬೆಳಗಿನ ಜಾವ, ವಾಂತಿ ಶುರುವಾದರೆ ಅದು ಇನ್ನೂ ಕೆಟ್ಟ ಸೂಚನೆ. ತಡವಾಗಿ ಏಳುವ ವಿಷವೇ ಯಕೃತ್ತನ್ನು ಹಿಡಿಯುವಂಥದ್ದು. ಕುದಿಸಿದರೂ ಅದು ಹೋಗುವುದಿಲ್ಲ. ಒಂದು ದಿನ ವಾಂತಿಯಾಗಿ ಆಮೇಲೆ ಹುಷಾರಾದ ಹಾಗೆ ಕಾಣುತ್ತದೆ, ಅಷ್ಟರಲ್ಲಿ ಯಕೃತ್ತು ಕೆಡುತ್ತಿರುತ್ತದೆ. ಶಿವಮೊಗ್ಗದಲ್ಲಿ ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಯೇ ಇದೆ, ಮನೆಮದ್ದು ಬೇಡ. ಹೋಗುವಾಗ ಉಳಿದ ಅಣಬೆ, ಹೆಚ್ಚಿದ ಸಿಪ್ಪೆ, ಕೊನೆಗೆ ಉಳಿದ ಸಾರನ್ನಾದರೂ ಕಾಗದದ ಪೊಟ್ಟಣ ಅಥವಾ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ.

ಪ್ರಶ್ನೆ: ಹುತ್ತದ ಅಣಬೆಯ ಬಿತ್ತನೆ ಪ್ಯಾಕೆಟ್ ಮಾರುತ್ತೇವೆ, ಶೆಡ್ಡಿನಲ್ಲಿ ಬೆಳೆಯಬಹುದು ಎಂದು ಮೊಬೈಲಿಗೆ ಜಾಹೀರಾತು ಬಂದಿದೆ. ಹಣ ಹಾಕಬಹುದೇ?
*— ಯುವ ರೈತ, ಹೊಳೆಹೊನ್ನೂರು*

ಉತ್ತರ: ಬೇಡ. ಟರ್ಮಿಟೊಮೈಸಿಸ್‌ನ ಬಿಳಿ ಎಳೆಯನ್ನು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಸಬಹುದು, ನಿಧಾನವಾಗಿ ಬೆಳೆಯುತ್ತದೆ. ಗೆದ್ದಲಿಲ್ಲದೆ ಶೆಡ್ಡಿನಲ್ಲಿ ಅದರಿಂದ ಕೊಡೆ ಎಬ್ಬಿಸಿ ವ್ಯಾಪಾರಕ್ಕೆ ತಂದ ಪದ್ಧತಿ ಇಲ್ಲ. ಚೀನಾದಲ್ಲಿ ಕರಿಸಿಪ್ಪೆಯ ಗೆದ್ದಲು ಅಣಬೆ ಎಂದು ಮಾರುಕಟ್ಟೆಗೆ ಬರುವ ಕೃಷಿ ಅಣಬೆಯೊಂದಿದೆ, ಆದರೆ ಅದು ಹೈಮೆನೊಪೆಲ್ಲಿಸ್ ಎಂಬ ಬೇರೆಯೇ ಕುಲ. ರುಚಿ ಚೆನ್ನಾಗಿರಬಹುದು, ಸಂಬಂಧ ಮಾತ್ರ ಹೆಸರಿನಲ್ಲಷ್ಟೇ.

ನಿಮಗೆ ಹುತ್ತದ ಅಣಬೆಯ ನೆಂಟನೇ ಬೇಕಿದ್ದರೆ ಹಾಲಣಬೆ ಬೆಳೆಯಿರಿ. ಕ್ಯಾಲೊಸೈಬೆ ಇಂಡಿಕಾ ಎಂಬ ಇದೂ ಲಯೋಫಿಲೇಸಿಯೆ ಕುಟುಂಬದ್ದೇ. ಪಶ್ಚಿಮ ಬಂಗಾಳದ ಮಾದರಿಯಿಂದ ಪುರಕಾಯಸ್ಥ ಮತ್ತು ಚಂದ್ರ 1974ರಲ್ಲಿ ವರ್ಣಿಸಿದ್ದು. ಕೊಯಮತ್ತೂರಿನ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಇದರ ಬೇಸಾಯ ಕ್ರಮವನ್ನು ಹದಗೊಳಿಸಿತು. ಭತ್ತದ ಹುಲ್ಲನ್ನು ಬೇಯಿಸಿ ಬಿತ್ತನೆ ತುಂಬಿ, ಎಳೆ ಹಬ್ಬಿದ ಮೇಲೆ ಚೀಲ ಕತ್ತರಿಸಿ ಮೇಲೆ ಹದಮಾಡಿದ ಮಣ್ಣು ಹೊದಿಸಬೇಕು. 30ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖ ಇದಕ್ಕೆ ಇಷ್ಟ, ಹೊಳೆಹೊನ್ನೂರಿನ ಬೇಸಿಗೆಗೆ ಹೇಳಿ ಮಾಡಿಸಿದ್ದು. ಮಳೆಗಾಲ, ಚಳಿಗಾಲಕ್ಕೆ ಚಿಪ್ಪಣಬೆ. ಬಿತ್ತನೆಯನ್ನು ಕೃಷಿ ವಿಶ್ವವಿದ್ಯಾಲಯದಿಂದಲೋ ಕೃಷಿ ವಿಜ್ಞಾನ ಕೇಂದ್ರದ ಮಾರ್ಗದರ್ಶನದಲ್ಲೋ ತನ್ನಿ. ಶಿವಮೊಗ್ಗದ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲೇ ಕೇಳಿದರೆ ದಾರಿ ಹೇಳುತ್ತಾರೆ.

ಪ್ರಶ್ನೆ: ಶಂಕರಘಟ್ಟದ ಕಾಡಂಚಿನಲ್ಲಿ ನಾನು ಕಂಡ ಹುತ್ತದ ಅಣಬೆ ನೀವು ಹಿಂದೆ ಬರೆದ ಯಾವ ವರ್ಣನೆಗೂ ಹೊಂದುವುದಿಲ್ಲ. ಹೊಸ ಪ್ರಭೇದ ಇರಬಹುದೇ? ಹೊಸದಾದರೆ ಊರಿನ ಹೆಸರಿಡಬಹುದೇ? ಫೋಟೊ ಕಳಿಸಿದ್ದೇನೆ.
*— ಶಿಕ್ಷಕ, ಹೊಸಮನೆ, ಭದ್ರಾವತಿ*

ಉತ್ತರ: ಇರಬಹುದು, ಫೋಟೊದಿಂದ ಹೇಳಲಾಗದು. ಈ ಕುಲದಲ್ಲಿ ಈಗಾಗಲೇ ಮೂವತ್ತಕ್ಕೂ ಹೆಚ್ಚು ಪ್ರಭೇದಗಳಿಗೆ ಹೆಸರಿದೆ, ಹೊಸವು ಈಗಲೂ ಸೇರುತ್ತಿವೆ. ಒಂದೇ ಅಣಬೆ ಮಳೆ ತೊಳೆದಾಗ ಒಂದು ಬಣ್ಣ, ಬಿಸಿಲಿಗೆ ಒಣಗಿದಾಗ ಇನ್ನೊಂದು ಬಣ್ಣ ಇರುವುದೂ ಉಂಟು. ಹೊಸದು ಎನ್ನುವ ಮೊದಲು ಹಳೆಯವುಗಳೊಡನೆಲ್ಲ ಹೋಲಿಸಿ ನೋಡಬೇಕು. ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್ ಅವರ ತಂಡ ಪಶ್ಚಿಮ ಘಟ್ಟ ಮತ್ತು ಕರಾವಳಿಯ ಟರ್ಮಿಟೊಮೈಸಿಸ್ ಬಗ್ಗೆ 2013ರಲ್ಲಿ ಪ್ರಬಂಧ ಪ್ರಕಟಿಸಿದೆ. ನಿಮಗೆ ಅದಕ್ಕಿಂತ ಹತ್ತಿರದಲ್ಲಿ, ಅದೇ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಅಲ್ಲಿನ ಎಂ. ಕೃಷ್ಣಪ್ಪ ಮತ್ತು ಸಂಗಡಿಗರು ಶಿವಮೊಗ್ಗ ಜಿಲ್ಲೆಯ ಕಾಡುಗಳ ಅಣಬೆ ಸಮೀಕ್ಷೆಯನ್ನು 2008ರಲ್ಲೇ ಪ್ರಕಟಿಸಿದ್ದಾರೆ. ಮೊದಲು ಆ ಬಾಗಿಲು ತಟ್ಟಿ.

ಹೆಸರಿಡುವ ಕ್ರಮ ಹಿಂದಿಗಿಂತ ಸುಲಭವಾಗಿದೆ. ಮೊದಲು ಹೊಸ ಪ್ರಭೇದದ ವರ್ಣನೆ ಲ್ಯಾಟಿನ್ನಿನಲ್ಲೇ ಇರಬೇಕಿತ್ತು. 2012ರಿಂದ ಇಂಗ್ಲಿಷಿನಲ್ಲೂ ನಡೆಯುತ್ತದೆ. 2013ರಿಂದ ಹೆಸರನ್ನು ಮಾನ್ಯ ಕೋಶವೊಂದರಲ್ಲಿ ನೋಂದಾಯಿಸಿ ಸಂಖ್ಯೆ ಪಡೆಯುವುದು ಕಡ್ಡಾಯ. ಒಂದು ಒಣ ಮಾದರಿಯನ್ನು ಮೂಲ ಮಾದರಿಯೆಂದು ಗುರುತಿಸಿ ಸಂಗ್ರಹಾಲಯದಲ್ಲಿ ಇಡಬೇಕು, ನಾಳೆ ಯಾರಾದರೂ ಜಗಳ ತೆಗೆದರೆ ಅದೇ ಸಾಕ್ಷಿ. ಊರಿನ ಹೆಸರಿಡಲು ಅಡ್ಡಿಯೇನಿಲ್ಲ, ಲ್ಯಾಟಿನ್ ರೂಪ ಕೊಟ್ಟರಾಯಿತು. ಭದ್ರಾವತಿಯ ಹೆಸರಿನ ಒಂದು ಅಣಬೆ ಬಂದರೆ ನನಗೂ ಖುಷಿ.

ಅದಕ್ಕೆ ಮೊದಲು ಸ್ವಲ್ಪ ಕೆಲಸವಿದೆ. ಎಳೆಯದು, ಅರಳಿದ್ದು, ಬಲಿತದ್ದು ಮೂರನ್ನೂ ಬೇರಿನ ಸಮೇತ ತೆಗೆಯಿರಿ. ಹಸಿಯಿದ್ದಾಗಲೇ ಬಣ್ಣ, ವಾಸನೆ, ಅಳತೆ ಬರೆದುಕೊಳ್ಳಿ, ಒಣಗಿದ ಮೇಲೆ ಇವು ಉಳಿಯುವುದಿಲ್ಲ. ಅಚ್ಚು ತೆಗೆಯಿರಿ. ಗೂಡಿನ ಗೆದ್ದಲುಗಳಲ್ಲಿ ಕೆಲಸಗಾರ, ಸೈನಿಕ ಎರಡನ್ನೂ ಒಂದಿಷ್ಟು ಸ್ಪಿರಿಟ್ಟಿನಲ್ಲಿ ಹಾಕಿಡಿ. ಎಷ್ಟೋ ಜನ ಇದನ್ನು ಮರೆಯುತ್ತಾರೆ. ಅಣಬೆಯನ್ನು 40–50 ಡಿಗ್ರಿ ಬಿಸಿಗಾಳಿಯಲ್ಲಿ ಒಣಗಿಸಿ. ಹಸಿಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ರಾತ್ರಿಯೊಳಗೆ ಲೋಳೆ. ಸಂರಕ್ಷಿತ ಅರಣ್ಯವಾದರೆ ಇಲಾಖೆಯ ಅನುಮತಿ ಪಡೆದೇ ಕೈಹಾಕಿ.

ಉಳಿದ ಓದುಗರಿಗೂ ಒಂದು ಮನವಿ. ಅಣಬೆಯ ಚಿತ್ರ ಕಳಿಸುವವರು ಕೊಡೆಯ ಮೇಲ್ಭಾಗ, ಅಡಿಯ ಕಿವಿರು, ಬುಡದ ಸಮೇತ ಪೂರ್ತಿ ಕಾಲು, ಜೊತೆಗೆ ಬೀಜಕಣದ ಅಚ್ಚು, ಈ ನಾಲ್ಕನ್ನೂ ಕಳಿಸಿ. ನಾಲ್ಕಿದ್ದರೆ ಕುಲದವರೆಗೆ ಹೇಳಲು ಪ್ರಯತ್ನಿಸುತ್ತೇನೆ. ಆದರೆ ಚಿತ್ರ ನೋಡಿ 'ತಿನ್ನಬಹುದು' ಎಂದು ಯಾರಿಗೂ ಬರೆದುಕೊಡುವುದಿಲ್ಲ, ದಯವಿಟ್ಟು ಕೇಳಬೇಡಿ.